ಖಾದರಸಾಬರ ಕೈಯಳತೆ

ಯಾವ ಕುದುರೆಯ ಹತ್ತಿರ ಹೋದರೂ ಖಾದರಸಾಬರು ಮೊದಲು ಅದರ ಮುಂಗಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂಡುತ್ತಿದ್ದರು. ಗೊರಸಿನಿಂದ ಅಂಗೈ ಮೇಲೆ ಅಂಗೈ ಅಡ್ಡ ಇಡುತ್ತ, ಮೆಲ್ಲಗೆ ಏಳುತ್ತ, ಹೆಗಲು ಮುಟ್ಟುವಾಗ ಎತ್ತರ ಹೇಳಿಬಿಡುವರು. ಹರೆಯದಲ್ಲಿ ದಂಡಿನ ಕುದುರೆಲಾಯದಲ್ಲಿದ್ದವರು. ಅಲ್ಲಿನ ಲೆಕ್ಕದಲ್ಲಿ ಒಂದು ಕೈ ಎಂದರೆ ನಾಲ್ಕು ಇಂಚು. ಅವರ ಅಂಗೈಯ ಅಗಲವೂ ಸರಿಯಾಗಿ ಅಷ್ಟೇ. ಟೇಪು ತೋರಿಸಿದರೆ ಸಿಟ್ಟು. "ಕುದುರಿಗೆ ಕೈ ಹತ್ತಬೇಕ್ರಿ ಮಾಸ್ತರ. ಅರಿವಿ ಅಳಿಯೂ ಪಟ್ಟಿ ತಂದು ಅದರ ಮೈಗೆ ಹಚ್ತೀರೇನು?"

ಹುನಗುಂದದವರು; ಅಲ್ಲಿಂದ ನಮ್ಮೂರು ಇಳಕಲ್ಲಿಗೆ ಟಾಂಗಾ ಹೊಡೆಯುತ್ತಿದ್ದರು. ಸಂಜೆ ಸಾಲಿ ಬಿಟ್ಟು ನಾನು ಸುಸ್ತಾಗಿ ಮನೆಯ ಕಟ್ಟೆಯ ಮೇಲೆ ಕೂತರೆ, ಅವರೂ ಸುಸ್ತಾಗಿ ಬಂದು ಪಕ್ಕದಲ್ಲಿ ಕೂಡುವರು. ಇಬ್ಬರಿಗೂ ಮಾತು ಬೇಕಿರಲಿಲ್ಲ.

ಒಂದು ಸಂಜೆ ಮಾತ್ರ ಬಾಯಿ ಬಿಟ್ಟರು. "ಇನ್ನ ನನ್ನ ಕಡಿಂದ ಆಗೂದಿಲ್ರಿ. ಚಾಂದಿನ್ನ ಕೊಟ್ಟಬಿಡ್ತೇನಿ." ಕಲ್ಲುಗಣಿಯ ಗುತ್ತಿಗೆದಾರ ಟಾಂಗಾದ ಆ ಹೆಣ್ಣುಕುದುರೆಯನ್ನು ಕಲ್ಲಿನ ಬಂಡಿಗೆ ಕೇಳುತ್ತಿದ್ದ. ಅದೊಂದು ಅವರಿಗೆ ಬೇಡವಾಗಿತ್ತು. ಅಷ್ಟರಲ್ಲಿ ಗೋವಾದ ಜಮೀನ್ದಾರರೊಬ್ಬರು ತಮ್ಮ ಸಾರೋಟಿಗೆ ಕುದುರೆ ಹುಡುಕುತ್ತ ಊರಿಗೆ ಬಂದಿದ್ದರು. ಪೋರ್ತುಗೀಸ ಫರಂಗಿಗಳ ರಾಜ್ಯದವರು; ಕೈ, ಇಂಚು ಅವರಿಗೆ ನಡೆಯದು. ನೂರೈವತ್ತು ಸೆಂಟಿಮೀಟರಿಗೆ ಕಡಿಮೆ ಬೇಡವೆಂದರು.

"ಹದಿನೈದೂವರಿ ಕೈ ಅದಾಳ್ರಿ," ಎಂದರು ಸಾಬರು. "ಹ್ವಾದ ವರ್ಷ ಹದಿನಾಕ ಇದ್ಲು. ಉಂಡ ಬೆಳದಾಳ!"

ಒಂದು ಕೈಗೆ ಹತ್ತು ಸೆಂಟಿಮೀಟರು, ಮೇಲೆ ಚೂರು. ಗುಣಿಸಿ ನೂರೈವತ್ತೇಳು ಎಂದೆ. ಜಮೀನ್ದಾರರು ಖುಷಿಯಾದರು. ಮರುದಿನ ಬೆಳಿಗ್ಗೆ ಅವರೇ ಟೇಪು ಹಿಡಿದರೆ ನೂರಾ ನಲವತ್ತೆರಡು! ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಹೊರಟೇಬಿಟ್ಟರು.

ನನಗೆ ರೇಗಿತು. "ಏನ್ರಿ ಸಾಬ್ರ, ನನ್ನ ಮರ್ಯಾದಿ ತಗದ್ರಲ್ಲ!"

ಅವರು ಚಾಂದಿಯ ಕಾಲ ಬಳಿ ಕೂತು ಮತ್ತೆ ಅಂಗೈ ಇಡತೊಡಗಿದರು. ಆಗ ಆ ಕೈ ನೋಡಿದೆ. ಮಾಂಸವೆಲ್ಲ ಹೋಗಿ ಬರೀ ಎಲುಬು, ತೊಗಲು. ನನ್ನ ಸಿಟ್ಟು ಜರ್ರನೆ ಇಳಿಯಿತು. ಅರ್ಧಕ್ಕೆ ಅವರೂ ನಿಲ್ಲಿಸಿದರು.

"ಆಕಿ ಬೆಳದಿಲ್ಲ ಅಲ್ರಿ? ನಾನ ಕರಗೇನಿ." ಎದ್ದು ನಿಂತು, "ಗಣಿಯವ ನಾಳೆ ಬರ್ತಾನ್ರಿ ಮಾಸ್ತರ," ಎಂದರು.

"ಬಂದ ಹೋಗ್ಲಿ. ಚಾಂದಿ ನಮ್ಮ ಮನ್ಯಾಗ ಇರ್ತಾಳ," ಎಂದೆ. ಓಣಿ ದಾಟಿದರೆ ಸಾಲಿ. ನನಗೆ ಕುದುರೆ ಯಾತಕ್ಕೆ ಎಂದು ಮನೆಯಾಕೆ ಬೈದಳು. ಬೈಯಲಿ.

ಸಾಬರು ಹಗ್ಗವನ್ನು ನನ್ನ ಕೈಗಿಟ್ಟು ಹೆಗಲ ಮೇಲೆ ವಸ್ತ್ರ ಹಾಕಿಕೊಂಡರು. "ಆಗಾಗ ಬಂದು ನೋಡ್ಕೊಂಡು ಹೋಗ್ರಿ," ಎಂದೆ.

"ಹ್ಯಾಂಗ ಬರ್ಲಿ ಮಾಸ್ತರ? ಕುದುರಿ ನಿಮ್ಮ ಕಡೆ ಐತಿ!" ಎಂದು ನಕ್ಕರು. ಹುನಗುಂದದ ಹಾದಿ ಹಿಡಿದು ನಡೆದೇ ಹೋದರು. ಮತ್ತೆ ಬರಲಿಲ್ಲ.