ರೇಡಿಯಂ ಆಂಟಿ

ಇಲ್ಲ, ಎಡಗೈ ಇರಬೇಕು. ಬಲಗೈಯಲ್ಲಿ ಆಂಟಿ ಪಿನ್ನು ಹಿಡಿದಿರುತ್ತಿದ್ದರಲ್ಲ, ಹಾಗಾದರೆ ಬಣ್ಣದ ಚೂರುಗಳು ಅಂಟಿಕೊಂಡಿರುತ್ತಿದ್ದದ್ದು ಎಡ ಮುಂಗೈ ಮೇಲೆ. ಗುಲಾಬಿ, ಹಳದಿ, ಗಿಣಿಹಸಿರು. ಸ್ಟಿಕ್ಕರ್ ಮಷೀನು ಕತ್ತರಿಸಿ ಕೊಟ್ಟ ಅಕ್ಷರಗಳ ಹೊಟ್ಟೆಯೊಳಗೆ ಉಳಿದ ಚೂರುಗಳನ್ನು ಪಿನ್ನಿನಿಂದ ಎಬ್ಬಿಸಿ, ಹಾಕಲು ಬೇರೆ ಜಾಗ ಹುಡುಕದೆ ತಮ್ಮ ಕೈಗೇ ಅಂಟಿಸಿಕೊಳ್ಳುತ್ತಿದ್ದರು. ಹಾಗೇ ಸೊಪ್ಪಿನ ಗಾಡಿಗೂ ಹೋಗುತ್ತಿದ್ದರು. ನನ್ನ ಫೋನಿನಲ್ಲಿ ಅವರದು ಒಂದೇ ಫೋಟೋ ಇದೆ. ಅದರಲ್ಲಿ ಎರಡೂ ಕೈ ಖಾಲಿ. ಆದರೂ ಅವರನ್ನು ನೆನೆದರೆ ಮೊದಲು ಕಾಣುವುದು ಆ ಚುಕ್ಕಿ ಚುಕ್ಕಿಯ ಕೈ. ಫೋಟೋ ಸರಿಯೋ ನಾನು ಸರಿಯೋ, ಈಗ ತೀರ್ಮಾನಿಸುವವರಿಲ್ಲ.

ಜರಗನಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಅವರು. ಕೆಳಗೆ ಅವರು, ಮೇಲಿನ ಎರಡು ಮಹಡಿಗಳಲ್ಲಿ ನಮ್ಮಂಥವರು. ಅವರ ಮಗ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ರೇಡಿಯಂ ಅಂಗಡಿ ಇಟ್ಟಿದ್ದ. ಬೈಕು, ಆಟೋಗಳಿಗೆ ಹೆಸರು, ಹದ್ದು, ಬೆಂಕಿಯ ಜ್ವಾಲೆ ಕತ್ತರಿಸಿ ಅಂಟಿಸುವ ಅಂಗಡಿ. ಸ್ವಲ್ಪ ಕಾಲ ಆಂಟಿಯೂ ಅಲ್ಲಿ ಕೂತಿದ್ದರು. ಅಂಗಡಿ ಮುಚ್ಚಿದ ಮೇಲೆ ಮಷೀನು ಮನೆಗೆ ಬಂತು, ಅದರ ಜೊತೆ ಸುರುಳಿ ಸುರುಳಿ ಬಣ್ಣದ ವಿನೈಲ್, ಹಿಂದೆ ಅಂಟಿರುವ ಪ್ಲಾಸ್ಟಿಕ್ ಶೀಟು. ಮಷೀನಿಗೆ ಫ್ರಿಜ್ಜಿನ ಪಕ್ಕ ಜಾಗವಾಯಿತು, ಹೊದಿಯಲು ಒಂದು ಹಳೇ ಟವೆಲ್ಲು ಸಿಕ್ಕಿತು. ಶೀಟು ಸುಮ್ಮನೆ ಹಾಳಾಗಬಾರದೆಂದು ಆಂಟಿ ಕಟ್ಟಡದ ಮಕ್ಕಳ ನೀರಿನ ಬಾಟಲಿಗಳ ಮೇಲೆ ಕೈಯಿಟ್ಟರು. ಮೊದಲ ವರ್ಷ ನಮ್ಮ ಕಟ್ಟಡದ ಅಷ್ಟೂ ಮಕ್ಕಳ ಬಾಟಲಿಗಳಿಗೆ ಬೈಕಿನ ಜ್ವಾಲೆಗಳೇ ಹತ್ತಿಕೊಂಡಿದ್ದವು.

ಸ್ಕೂಲು ಶುರುವಾಗುವ ಮುಂಚಿನ ಭಾನುವಾರ ಮಕ್ಕಳೆಲ್ಲ ಬ್ಯಾಗು, ಬಾಟಲಿ, ಕಂಪಾಸ್ ಬಾಕ್ಸು ಹೊತ್ತು ಅವರ ಪೋರ್ಟಿಕೋದಲ್ಲಿ ಸಾಲುಗಟ್ಟುತ್ತಿದ್ದರು. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನನ್ನು ಆಂಟಿ ತೆಗೆದರೆಂದರೆ ಕೆಲಸ ಶುರುವಾಯಿತು ಎಂದರ್ಥ. ಅಪ್ಪ ಅಮ್ಮಂದಿರು ಬಾಯಿ ಹಾಕುವಂತಿರಲಿಲ್ಲ. ನನ್ನ ಮಗಳು ಒಂದನೇ ಕ್ಲಾಸಿಗೆ ಹೋಗುವಾಗ ಪೆನ್ಸಿಲ್ ಬಾಕ್ಸಿನ ಮೇಲೆ ಹಲ್ಲಿ ಬೇಕೆಂದಳು.

"ಆಂಟಿ, ಹಲ್ಲಿ ಬೇಡ. ಚಿಟ್ಟೆ ಹಾಕಿ," ಎಂದೆ.

"ನಿನ್ ಬಾಕ್ಸಿಗೆ ಚಿಟ್ಟೆ ಹಾಕ್ಕೊಡ್ತೀನಿ, ನಾಳೆ ತಗೊಂಬಾ. ಇದು ಇವ್ಳದ್ದು," ಎಂದು, ಅವಳ ಕಡೆ ತಿರುಗಿ ಕೇಳಿದರು: "ಬಾಲ ಇರೋ ಹಲ್ಲಿನಾ, ಬಾಲ ಬಿದ್ದೋಗಿರೋ ಹಲ್ಲಿನಾ?"

"ಬಿದ್ದೋಗಿರೋದು!"

"ಸಖತ್. ವಿನೈಲೂ ಉಳೀತು."

ಯಾವುದೋ ಹುಡುಗ ಅವರನ್ನು ಅಜ್ಜಿ ಎಂದ. "ಅಜ್ಜಿ ಅಂದೋರಿಗೆ ಬಿಳಿ ಬಣ್ಣ ಮಾತ್ರ. ಆಂಟಿ ಅಂದ್ರೆ ಕಲರ್," ಎಂದರು. ಮಾರನೇ ವರ್ಷಕ್ಕೆ ಮಕ್ಕಳ ಬಾಯಲ್ಲಿ ಅವರು ರೇಡಿಯಂ ಆಂಟಿಯಾಗಿದ್ದರು.

ಹಾಗೆಂದು ಮೃದು ಹೆಂಗಸು ಎಂದು ಬರೆದರೆ ಸುಳ್ಳಾಗುತ್ತದೆ. ಮೋಟರ್ ಆಫ್ ಮಾಡುವುದು ಮರೆತರೆ ಮೆಟ್ಟಿಲ ಬುಡದಲ್ಲಿ ನಿಂತು ಅವರು ಕೂಗುತ್ತಿದ್ದದ್ದು ಮುಂದಿನ ರಸ್ತೆಗೆ ಕೇಳುತ್ತಿತ್ತು. ನನ್ನೊಡನೆ ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದರು. ಕಾರಣ ಮರೆತುಹೋಗಿದೆ, ಬಟ್ಟೆ ಒಣಹಾಕುವ ತಂತಿಯ ವಿಷಯವಿರಬಹುದು.

ನನ್ನ ಅಪ್ಪ ನಮ್ಮ ಜೊತೆಗೇ ಇದ್ದರು. ಮಗಳನ್ನು ದಿನಾ ಸ್ಕೂಲಿಗೆ ನಡೆಸಿಕೊಂಡು ಹೋಗುತ್ತಿದ್ದವರು ಅವರೇ. ಅವರು ತೀರಿಕೊಂಡ ಮೇಲಿನ ಜೂನ್‌ನಲ್ಲಿ ಅವಳು ಹೊಸ ಪ್ಲಾಸ್ಟಿಕ್ ಡಬ್ಬಿ ಮುಟ್ಟಲಿಲ್ಲ. ತಾತ ಫ್ಯಾಕ್ಟರಿಗೆ ಒಯ್ಯುತ್ತಿದ್ದ ಸ್ಟೀಲ್ ಡಬ್ಬಿಯೇ ಬೇಕು. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಪ್ಪನ ಹೆಸರಿತ್ತು. ಸರಿ, ಅದರಲ್ಲೇ ಕಳಿಸಿದೆ. ಕೆಲವು ದಿನ ಕಳೆದು ಟೀಚರ್ ಫೋನ್ ಮಾಡಿದರು: "ಮೇಡಂ, ಇವ್ಳು ಡಬ್ಬಿನೇ ತೆಗೀತಿಲ್ಲ. ಪಕ್ಕದ ಮಕ್ಕಳು ಅಂಕಲ್ ಡಬ್ಬಿ ಅಂತ ನಗ್ತಾರೆ." ಸಂಜೆ ಬ್ಯಾಗು ಬಿಚ್ಚಿದರೆ ಚಿತ್ರಾನ್ನ ಹಾಗೇ ಇತ್ತು. ಅದರ ಹಿಂದಿನ ದಿನಗಳ ಊಟ ದಾರಿಯ ನಾಯಿಗೆ ಹೋಗಿತ್ತಂತೆ. ಮಗು ಬಡಕಲಾಗುತ್ತಿತ್ತು. ಬೇರೆ ಡಬ್ಬಿ ಕೊಟ್ಟರೆ ಸ್ಕೂಲಿಗೇ ಹೋಗುವುದಿಲ್ಲವೆಂದಳು. ಈ ಡಬ್ಬಿ ಒಯ್ದರೆ ತೆರೆಯುವುದಿಲ್ಲ. ಶುಕ್ರವಾರ ಸಂಜೆ ನಮ್ಮಿಬ್ಬರ ಅಳು, ಕೂಗಾಟ ಮೆಟ್ಟಿಲಿಳಿದು ಕೆಳಗೆ ಹೋಗಿರಬೇಕು. ಆಂಟಿ ಹತ್ತಿ ಬಂದರು.

"ಡಬ್ಬಿ ಕೊಡಮ್ಮ ಇಲ್ಲಿ. ನಗೋರು ಹೊಟ್ಟೆ ಉರ್ಕೊಳ್ಳೋ ಹಂಗೆ ಮಾಡ್ಕೊಡ್ತೀನಿ."

ಅವತ್ತು ಮಗಳನ್ನು ಅವರು ಏನೂ ಕೇಳಲಿಲ್ಲ. ಅವಳು ಅತ್ತು ಅತ್ತು ಸೋಫಾದ ಮೇಲೆ ನಿದ್ದೆ ಹೋಗಿದ್ದಳು.

ಶನಿವಾರ ಬೆಳಿಗ್ಗೆ ಆಂಟಿ ಡಬ್ಬಿ ವಾಪಸು ತಂದರು. ನವಿಲುನೀಲಿ ಬಣ್ಣ, ಸುತ್ತ ಬೆಳ್ಳಿ ನಕ್ಷತ್ರ, ಮುಚ್ಚಳದ ತುಂಬ ಮಗಳ ಹೆಸರು ಹೊಳೆಯುವ ಗುಲಾಬಿಯಲ್ಲಿ. ಚೆಂದವೇ ಇತ್ತು. ಮಗಳು ಮುಚ್ಚಳದ ಮೇಲೆ ಬೆರಳಾಡಿಸಿದಳು, ಮತ್ತೆ ಆಡಿಸಿದಳು.

"ತಾತ ಎಲ್ಲಿ?"

ಆಂಟಿ ನನ್ನ ಮುಖ ನೋಡಿದರು. "ಹಳೇ ಹೆಸ್ರು ಕಾಣ್ತಿತ್ತಲ್ಲ, ಅದಕ್ಕೇ ಅದರ ಮೇಲೇ ಅಂಟಿಸ್ದೆ. ಸೆಕೆಂಡ್ ಹ್ಯಾಂಡ್ ಗಾಡಿ ಬಂದ್ರೆ ಅಂಗಡೀಲಿ ಹಂಗೇ ಮಾಡ್ತಿದ್ವಿ. ಹಳೇ ಓನರ್ ಹೆಸ್ರಿನ ಮೇಲೆ ಹೊಸಬ್ರದ್ದು."

ಮಗಳು ಅಳಲಿಲ್ಲ. ಡಬ್ಬಿ ಎದೆಗವಚಿಕೊಂಡು, ನಮ್ಮಿಬ್ಬರನ್ನೂ ದಾಟಿ, ಮೆಟ್ಟಿಲಿಳಿದು ಆಂಟಿಯ ಬಾಗಿಲ ಮುಂದೆ ಹೋಗಿ ನಿಂತಳು. ಆಂಟಿ ಅವಳ ಹಿಂದೆಯೇ ಇಳಿದರು. ನಾನೂ ಇಳಿಯಹೋದೆ.

"ನೀನು ಮೇಲಿರು," ಎಂದರು ಆಂಟಿ. "ತಪ್ಪು ಮಾಡಿರೋದು ನಾನು. ಇದು ನನಗೂ ಇವ್ಳಿಗೂ ಇರೋ ಮಾತು."

ಬಾಗಿಲು ಮುಚ್ಚಿತು. ಮೆಟ್ಟಿಲಲ್ಲಿ ಕೂತ ನನಗೆ ಮೊದಲು ಹೇರ್ ಡ್ರೈಯರಿನ ಸದ್ದು ಕೇಳಿಸಿತು. ಬಿಸಿ ಮಾಡಿದರೆ ವಿನೈಲ್ ಮೆತ್ತಗಾಗಿ ಎದ್ದುಬರುತ್ತದೆ. ಆಮೇಲೆ ಆಂಟಿಯ ದನಿ, ತಗ್ಗಿದ್ದು, ಮಾತು ತಿಳಿಯಲಿಲ್ಲ. ಅಷ್ಟು ಮೆಲ್ಲಗೆ ಮಾತಾಡಲು ಅವರಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಡುವೆ ಕತ್ತರಿಯ ಕಚಕಚ ಕೇಳಿಸಿತು. ಆಮೇಲೆ ಇಬ್ಬರೂ ನಕ್ಕರು. ಅಥವಾ ಆ ನಗುವನ್ನು ನಾನು ಈಚೆಗೆ ಸೇರಿಸಿಕೊಂಡಿರಬಹುದು.

ಅವರು ಹೊರಬಂದಾಗ ಮುಚ್ಚಳದ ನೀಲಿಯೂ ಗುಲಾಬಿ ಅಕ್ಷರಗಳೂ ಹೋಗಿದ್ದವು. ಅಂಟು ಬಿಡಿಸಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ್ದರಿಂದ ಅಪ್ಪನ ಹೆಸರು ಮುಂಚಿಗಿಂತ ಚೆನ್ನಾಗಿ ಕಾಣುತ್ತಿತ್ತು. ಅದರ ಸುತ್ತ ಒಂದು ದಾರಿ: ನಮ್ಮ ಗೇಟು, ಅರಳಿಮರ, ಎಳನೀರಿನ ಗಾಡಿ, ಒಂದು ಬಸ್ಸು, ನಾಯಿ, ಸ್ಕೂಲು. ಮಗಳು ಬಿಡಿಸಿದ್ದನ್ನು ಆಂಟಿ ಕತ್ತರಿಯಿಂದ ಕತ್ತರಿಸಿದ್ದರು. ಯಾವುದೂ ನೆಟ್ಟಗಿರಲಿಲ್ಲ.

"ಮಷೀನಿಗೆ ಇವ್ಳ ನಾಯಿ ಅರ್ಥ ಆಗ್ಲಿಲ್ಲಮ್ಮ," ಎಂದರು.

ಸೋಮವಾರವೇ ಡಬ್ಬಿ ಖಾಲಿಯಾಗಿ ಬಂತು ಎಂದು ಬರೆಯಲು ಕೈ ಮುಂದಾಗುತ್ತದೆ. ಸೋಮವಾರ ಹಾಗೇ ಬಂತು. ಮಂಗಳವಾರವೂ. ಅದೇ ವಾರ ಒಂದು ದಿನ ಅರ್ಧ ಚಪಾತಿ ಉಳಿದಿತ್ತು, ಅಂದರೆ ಬಾಕಿಯೆಲ್ಲ ಹೊಟ್ಟೆಗೆ ಹೋಗಿತ್ತು. ಆಮೇಲಾಮೇಲೆ ಡಬ್ಬಿ ಖಾಲಿ ಬರತೊಡಗಿತು. ಪಕ್ಕದ ಹುಡುಗಿ ಆ ಬಸ್ಸು ಯಾವ ಕಡೆ ಹೋಗುತ್ತದೆಂದು ಕೇಳಿದಳಂತೆ, ಇವಳು ಹೇಳಿದಳಂತೆ. ಅಷ್ಟು ದೊಡ್ಡ ಡಬ್ಬಿಗೆ ಸ್ವಲ್ಪ ಜಾಸ್ತಿ ಹಾಕಿಕೊಡು ಎಂದು ಒಂದು ದಿನ ಮಗಳೇ ಕೇಳಿದಳು.

ಆಂಟಿ ತೀರಿಹೋಗಿ ಎರಡು ವರ್ಷವಾಗುತ್ತ ಬಂತು. ನಾವು ಅಷ್ಟರಲ್ಲಿ ಬನಶಂಕರಿಗೆ ಮನೆ ಬದಲಾಯಿಸಿದ್ದೆವು. ಸುದ್ದಿ ತಿಳಿದು ಹೋದಾಗ ಪೋರ್ಟಿಕೋದಲ್ಲಿ ಬಾಡಿಗೆ ಕುರ್ಚಿಗಳನ್ನು ಹಾಕಿದ್ದರು. ಎಲ್ಲೆಲ್ಲಿಗೋ ಮನೆ ಬದಲಾಯಿಸಿಕೊಂಡು ಹೋಗಿದ್ದ ಹಳೇ ಬಾಡಿಗೆದಾರರ ಮಕ್ಕಳು, ಮೀಸೆ ಮೂಡುತ್ತಿರುವವರು ಕೂಡ, ಬಂದು ನಿಂತಿದ್ದರು.

ವಾಪಸು ಬರುವಾಗ ಆಟೋದಲ್ಲಿ ಮಗಳನ್ನು ಕೇಳಿದೆ. ಅಷ್ಟು ಹೊತ್ತಿಗೆ ಹೈಸ್ಕೂಲಿಗೆ ಬಂದಿದ್ದಳು.

"ಅವತ್ತು ಬಾಗಿಲು ಹಾಕ್ಕೊಂಡು ಆಂಟಿ ನಿಂಗೇನು ಹೇಳಿದ್ರು?"

"ಯಾವತ್ತು?"

"ತಾತನ ಡಬ್ಬಿ ದಿನ."

"ನೆನಪಿಲ್ಲಮ್ಮ. ಅತ್ರು ಅನ್ಸತ್ತೆ."

"ಯಾರು? ಆಂಟಿನಾ?"

"ಗೊತ್ತಿಲ್ಲ. ನಾನೇ ಅತ್ತಿರಬಹುದು."

ಅವರಿದ್ದಾಗ ಕೇಳಬಹುದಿತ್ತು, ವರ್ಷಗಟ್ಟಲೆ ಒಂದೇ ಮೆಟ್ಟಿಲು ಹತ್ತಿಳಿದೆವು. ನನ್ನ ಮಗಳು ಮತ್ತೆ ಊಟ ಮಾಡಲು ಶುರುಮಾಡಿದ್ದು ಆ ಕೋಣೆಯೊಳಗೆ ಆಡಿದ ಯಾವುದೋ ಮಾತಿನಿಂದ ಎಂದು ನಾನು ನಂಬಿದ್ದೇನೆ. ಆ ಮಾತು ಯಾವುದು, ಅಂಥ ಮಾತೊಂದು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.