ಸರ್ವಮಂಗಳಮ್ಮನ ಮಹಡಿ

ಅಮ್ಮತ್ತಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಸರ್ವಮಂಗಳಮ್ಮನಿಗೆ ಭಾನುವಾರ ಬಂತೆಂದರೆ ತಲೆ ಕೆಡುತ್ತದೆ. ಮಹಡಿಯ ಕೋಣೆಯನ್ನು ಸಲಿಂಗಪ್ರೇಮಿಗಳ, ಲಿಂಗಾಂತರಿಗಳ ಕೂಟಕ್ಕೆ ಬಾಡಿಗೆಗೆ ಕೊಟ್ಟವರು ಅವರೇ. ಆದರೂ ಮೆಟ್ಟಿಲ ತುಂಬ ಚೆಲ್ಲಾಡಿದ ಚಪ್ಪಲಿ ಕಂಡರೆ ಆಗದು, ಮೇಲಿನ ನಗು ಕೇಳಿದರೆ ಆಗದು, ನಗು ನಿಂತರೆ ಇನ್ನೂ ಅನುಮಾನ. "ಕೊಡವರಿಗೆ ಸಮಾಜ ಇದೆ, ಗೌಡ್ರಿಗೆ ಇದೆ, ನಮಗೂ ಇದೆ. ನಿಮ್ಗೆ ಬೇರೆ ಜಾಗ ಯಾಕ್ರಪ್ಪಾ?" ಎಂದು ವಾರವಾರವೂ ಅದೇ ರಾಗ. "ಅಲ್ಲೆಲ್ಲ ನಾವು ಬಾಯಿ ಮುಚ್ಕೊಂಡು ಕೂರ್ಬೇಕಲ್ಲಮ್ಮಾ" ಎಂದು ಕೂಟದ ಶೋಭಿತಾ ನಕ್ಕರೆ, "ಇಲ್ಲೂ ಸ್ವಲ್ಪ ಮುಚ್ಕೊಳ್ಳಿ" ಎನ್ನುತ್ತಾರೆ. ಕಳೆದ ವಾರ ಬಯ್ಯಲೆಂದೇ ಮೇಲೆ ಹತ್ತಿದವರು ಬಾಗಿಲಲ್ಲೇ ನಿಂತುಬಿಟ್ಟರು. ಇಪ್ಪತ್ತು ವರ್ಷದಿಂದ ತನಗೂ ತನ್ನ ಜೊತೆ ಒಂದೇ ಮನೆಯಲ್ಲಿದ್ದ ರವಿಗೂ ಅವರಲ್ಲೇ ಅಂಗಿ ಹೊಲಿಸುತ್ತಿದ್ದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ರವಿ ತೀರ್ಕೊಂಡು ತಿಂಗಳಾಯ್ತು. ರೂಮ್‌ಮೇಟ್ ತಾನೇ ಅಂದ್ರು ಎಲ್ರೂ. ನನ್ನ ಮಾತಾಡ್ಸೋಕೆ ಒಬ್ರೂ ಬರ್ಲಿಲ್ಲ." ಸರ್ವಮಂಗಳಮ್ಮನ ಗಂಡ ತೀರಿಕೊಂಡಾಗ ವಾರವೆಲ್ಲ ಮನೆ ತುಂಬ ಜನರಿದ್ದರು. ಇವನನ್ನು ಮಾತಾಡಿಸಲು ಅವರೂ ಹೋಗಿರಲಿಲ್ಲ. ಮೆಲ್ಲನೆ ಕೆಳಗಿಳಿದಾಗ ಪಕ್ಕದ ಅಂಗಡಿಯವನು, "ಏನಮ್ಮಾ, ಮೇಲೆ ಗಲಾಟೆ?" ಎಂದ. "ಸಾವಾಗಿದೆ, ಮಾತಾಡ್ಸೋಕೆ ಜನ ಬಂದಿದಾರೆ. ನಿನ್ನ ರೇಡಿಯೋ ಆರ್ಸು" ಎಂದು ಸಿಡುಕಿ, ಅಂಗಡಿಯ ಬಾಗಿಲೆಳೆದುಕೊಂಡು ಮತ್ತೆ ಮೇಲೆ ಹತ್ತಿದರು.