ಕೆಸರಿಗೆ ಇಳಿದ ಶಶಿಕಲಾ

ಮಾನ್ವಿಯ ಹೊರಗೆ ವರ್ಷಕ್ಕೊಮ್ಮೆ ತುಳಿಬಂಡಿ ಓಟ ನಡೆಯುತ್ತದೆ. ಬಂಡಿಗೆ ಎಂಜಿನ್ ಇರಬಾರದು, ಎತ್ತು ಕಟ್ಟಬಾರದು. ಕೂತವರೇ ಪೆಡಲ್ ತುಳಿದು ಓಡಿಸಬೇಕು. ನೋಡಿದವರು ನಗುವಂಥ ರೂಪವೂ ಅದಕ್ಕಿರಬೇಕು. ಮೊದಲು ಡಾಂಬರು ರಸ್ತೆ, ಆಮೇಲೆ ಹತ್ತಿ ಕಿತ್ತ ಎರೆಹೊಲ, ನಾಟಿಗೆ ಹದ ಮಾಡಿದ ಭತ್ತದ ಗದ್ದೆ, ಕೊನೆಗೆ ಹಳ್ಳ. ನಡುವೆ ಎಲ್ಲಿ ಬೇಕಾದರೂ ನಿಂತು ದಣಿವಾರಿಸಿಕೊಳ್ಳಬಹುದು. ಆದರೆ ಯಾರ ಕಾಲೂ ನೆಲಕ್ಕೆ ತಾಗಬಾರದು. ತಾಗಿದರೆ ಆ ಬಂಡಿ ಓಟದಿಂದ ಹೊರಗೆ.

ಈ ವರ್ಷ ಮಲ್ಲಟದವರು ಮಂಚಕ್ಕೆ ಗಾಲಿ ಹಾಕಿ ನವಿಲು ಮಾಡಿಕೊಂಡು ಬಂದಿದ್ದರು. ದೇವದುರ್ಗದವರದು ಬಾಯಿ ತೆರೆದು ಮುಚ್ಚುವ ಮೊಸಳೆ. ಮಾನ್ವಿಯ ಶಶಿಕಲಾ ಮತ್ತು ಆಕೆಯ ಗಂಡ ಶೇಖರ ತಂದದ್ದು ಎಮ್ಮೆ. ಎರಡು ಹಳೆಯ ಸೈಕಲ್ಲುಗಳನ್ನು ಅಕ್ಕಪಕ್ಕ ಜೋಡಿಸಿ ವೆಲ್ಡಿಂಗ್ ಮಾಡಿಸಿದ್ದರು. ಮನೆಯಲ್ಲಿ ರವಿಕೆ ಹೊಲಿಯುವ ಶಶಿಕಲಾ ಅಕ್ಕಿಚೀಲಗಳನ್ನು ಬಿಚ್ಚಿ, ಕಪ್ಪು ಬಣ್ಣ ಬಳಿದು, ಎಮ್ಮೆಗೆ ಚರ್ಮ ಹೊಲಿದಿದ್ದಳು. ಪೆಡಲ್ ತುಳಿದಾಗಲೆಲ್ಲ ಬಾಲ ಅಲ್ಲಾಡುವಂತೆ ಹಗ್ಗ ಕಟ್ಟಿದವನು ಶೇಖರ.

ಶೇಖರ ಹರೆಯದಿಂದಲೂ ಅಕ್ಕಿ ಮಿಲ್ಲಿನ ಹಮಾಲ. ಹಮಾಲರಲ್ಲಿ ಒಂದು ಕಟ್ಟುನಿಟ್ಟಿದೆ. ಬೆನ್ನಿಗೇರಿದ ಚೀಲವನ್ನು ಲಾರಿ ಮುಟ್ಟುವವರೆಗೆ ಇಳಿಸುವುದಿಲ್ಲ. ನಡುದಾರಿಯಲ್ಲಿ ಇಳಿಸಿದರೆ ಮತ್ತೆ ಎತ್ತಿಕೊಡಲು ಇಬ್ಬರು ಬೇಕು; ಹಿಂದಿನವರ ಸಾಲೆಲ್ಲ ನಿಂತುಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಶೇಖರ ಕೆಮ್ಮುತ್ತ ಒಂದು ಚೀಲ ಇಳಿಸಿದ. ಯಾರೂ ಬೈಯಲಿಲ್ಲ. ಮರುದಿನದಿಂದ ಗ್ಯಾಂಗಿನ ಮೇಸ್ತ್ರಿ ತಾಯಪ್ಪ ಅವನನ್ನು ಕರೆಯುವುದನ್ನು ಬಿಟ್ಟ.

ಗಂಡ ಹೆಂಡತಿ ರಾಯಚೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದರು. ಎದೆಯಲ್ಲಿ ಮಿಲ್ಲಿನ ಧೂಳು ಕೂತಿದೆ, ಇನ್ನು ಧೂಳಿಗೂ ಹೋಗಬಾರದು, ಭಾರವನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಶೇಖರ ಎಲ್ಲಕ್ಕೂ ಹೂಂ ಅಂದ. ಹೊರಗೆ ಬಂದ ಮೇಲೆ, ಇದನ್ನು ಯಾರಿಗೂ ಹೇಳಬಾರದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡ. ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಡಿದ್ದು ಎಮ್ಮೆಯ ಮಾತು.

ಎಮ್ಮೆ ಅವನಿಗೆ ಆಟವಾಗಿರಲಿಲ್ಲ. ಓಟ ನೋಡಲು ಗ್ಯಾಂಗಿನವರೆಲ್ಲ ಬರುತ್ತಾರೆ. ತನ್ನ ಮೈಯಲ್ಲಿ ಇನ್ನೂ ಕಸುವಿದೆಯೆಂದು ಅವರೆದುರು ತೋರಿಸಬೇಕಿತ್ತು. ಚಹಾ ಅಂಗಡಿಯಲ್ಲಿ ತಾಯಪ್ಪ ಅರ್ಧ ತಮಾಷೆಗೆ ಆಡಿದ ಮಾತನ್ನು ಅವನು ಗಟ್ಟಿ ಹಿಡಿದಿದ್ದ: “ನಿನ್ನ ಎಮ್ಮಿ ಕೆಸರು ದಾಟಲಿ ಲೇ ಶೇಖ್ರಾ, ಸೋಮವಾರ ನೀ ಬಾ.”

ರಸ್ತೆಯಲ್ಲಿ ಎಮ್ಮೆ ಎಲ್ಲರಿಗಿಂತ ಹಿಂದಿತ್ತು. ಎರೆಹೊಲದಲ್ಲಿ ನವಿಲಿನ ಗಾಲಿ ಮುರಿಯಿತು. ಗದ್ದೆಗಿಳಿದಾಗ ಮುಂದಿದ್ದದ್ದು ಮೊಸಳೆಯೊಂದೇ. ಅದನ್ನು ತುಳಿಯುತ್ತಿದ್ದ ನಾಲ್ವರೂ ಆಗಾಗ ಪೆಡಲ್ ಬಿಟ್ಟು, ನೀರು ಕುಡಿದು, ನಕ್ಕು ಮುಂದೆ ಹೋಗುತ್ತಿದ್ದರು. ಶೇಖರ ನಿಲ್ಲಲಿಲ್ಲ. ಬದುವಿನ ಮೇಲಿದ್ದ ಹಮಾಲರು, “ಎಮ್ಮಿಗೆ ಹಿಂಡಿ ಹಾಕಿಲ್ಲೇನೋ” ಎಂದು ಕೂಗಿ ನಗುತ್ತಿದ್ದರು.

ಹ್ಯಾಂಡಲ್ ಹಿಡಿದಿದ್ದ ಶಶಿಕಲಾಳಿಗೆ ಪಕ್ಕದಲ್ಲಿ ಉಸಿರಿನ ಸಿಳ್ಳು ಕೇಳತೊಡಗಿತು. ಶೇಖರನ ತುಟಿ ಕಪ್ಪಿಟ್ಟಿತ್ತು.

“ನಿಂದರ್ರಿ. ಒಂದೀಟು ಉಸರು ತಗೊಂಡು ಹೋಗೂಣು. ನಿಂತ್ರ ತಪ್ಪಿಲ್ಲ.”

“ನಡುವ ನಿಂತ್ರ ಮತ್ತ ಏಳಂಗಿಲ್ಲ,” ಎಂದ ಶೇಖರ. ಆಕೆ ಪೆಡಲ್ ಬಿಟ್ಟರೂ ಅವನೊಬ್ಬನೇ ತುಳಿಯುತ್ತಿದ್ದ.

ಶಶಿಕಲಾ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದಳು. ಬಂಡಿ ಒಂದು ಪಕ್ಕಕ್ಕೆ ವಾಲಿ ನಿಂತಿತು. ಓಟ ನಡೆಸುವವರು ಸೀಟಿ ಊದಿದರು. ಬದುವಿನ ಮೇಲೆ ದೊಡ್ಡ ನಗೆ ಎದ್ದು, ಶೇಖರ ಹ್ಯಾಂಡಲ್ಲಿನ ಮೇಲೆ ಬೋರಲಾದದ್ದು ಕಂಡಾಗ ನಿಂತುಹೋಯಿತು. ಮೊದಲು ಗದ್ದೆಗಿಳಿದು ಬಂದವನು ತಾಯಪ್ಪ. ಇಬ್ಬರೂ ಸೇರಿ ಶೇಖರನನ್ನು ಬದುವಿಗೆ ತಂದು ಕೂರಿಸಿದರು.

“ಅವರಿಗೆ ಭಾರ ಎತ್ತಬ್ಯಾಡ ಅಂದಾರ ಡಾಕ್ಟ್ರು, ಯಣ್ಣಾ. ಎದಿ ತುಂಬ ಧೂಳದ,” ಎಂದಳು ಶಶಿಕಲಾ, ಎಲ್ಲರಿಗೂ ಕೇಳುವಂತೆ.

ತಾಯಪ್ಪ ತಲೆಯ ವಲ್ಲಿ ಬಿಚ್ಚಿ ಶೇಖರನ ಮುಖ ಒರೆಸಿದ. “ಮೊದಲ ಹೇಳಬೇಕಿಲ್ಲೇನವ್ವಾ,” ಎಂದಷ್ಟೇ ಹೇಳಿದ.

ಶೇಖರನ ಉಸಿರು ತಹಬಂದಿಗೆ ಬಂತು. ಅವನು ಯಾರ ಮುಖವನ್ನೂ ನೋಡಲಿಲ್ಲ.

ಸೋಮವಾರ ಅವನು ಮಿಲ್ಲಿನ ಗೇಟಿಗೆ ಹೋಗಿ ನಿಂತಿದ್ದ. ತಾಯಪ್ಪ ಚಹಾ ಕುಡಿಸಿದ, ಬೀಡಿ ಬಿಡು ಎಂದ, ಮನೆಗೆ ಕಳಿಸಿದ. ಊರಿನ ಉಳಿದ ಮಿಲ್ಲುಗಳಲ್ಲೂ ಅದೇ ಆಯಿತು. ಗದ್ದೆಯ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಈಗ ಶೇಖರ ಬುತ್ತಿ ಕಟ್ಟಿಕೊಂಡು ರಾಯಚೂರಿನ ಬಸ್ಸು ಹತ್ತುತ್ತಾನೆ. ಸಂಜೆ ಬಂದಾಗ ಕಿವಿಯ ಸಂದಿಯಲ್ಲಿ, ಹುಬ್ಬಿನಲ್ಲಿ ತೌಡು ಅಂಟಿರುತ್ತದೆ. ಯಾವ ಮಿಲ್ಲು ಎಂದು ಕೇಳಿದರೆ ಹೇಳುವುದಿಲ್ಲ. ಹೆಂಡತಿಯ ಜೊತೆ ಮಾತೂ ಕಡಿಮೆ.

ಒಂದು ಸಂಜೆ ಶಶಿಕಲಾ ಹೊಲಿಗೆ ಯಂತ್ರದ ಮುಂದೆ ಕೂತು, ಕೈ ನಿಲ್ಲಿಸದೆ ಗಂಡನಿಗೆ ಹೇಳಿದಳು:

“ಮಾನ್ವ್ಯಾಗ ನಾ ಬಾಯಿ ಬಿಟ್ಟೆ, ತಾಯಪ್ಪಣ್ಣ ಬ್ಯಾಡಂದ. ರಾಯಚೂರಾಗ ಬ್ಯಾಡನ್ನವ್ರು ಯಾರದಾರ್ರೀ?”